ಗುಂಡನ ಎಡಗಿವಿ: ನಾಯಿ ಕಿವಿ ತೊಳೆಯುವ ದ್ರಾವಣ, ಮೂರು ಮಳೆಗಾಲ ಬಳಸಿದ ಮೇಲೆ

ನಮ್ಮ ಗುಂಡ ಕಪ್ಪು ಲ್ಯಾಬ್ರಡಾರ್. ಈಗ ಆರು ವರ್ಷ. ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ ನಮ್ಮದು, ತೋಟದ ಕೆಳಗೆ ಕೆರೆ. ಲ್ಯಾಬ್ರಡಾರಿಗೆ ಕೆರೆ ತೋರಿಸಿ ಇಳಿಬೇಡ ಅಂದರೆ ಕೇಳುತ್ತದಾ? ಜೂನ್ ಬಂತು ಅಂದರೆ ಅವನ ಕಿವಿ ಒಣಗಿರುವುದನ್ನು ನೋಡುವುದೇ ಅಪರೂಪ. ಆಮೇಲೆ ತಲೆ ಕೊಡವುವುದು, ಗೋಡೆಗೆ ಕಿವಿ ಉಜ್ಜುವುದು, ರಾತ್ರಿ ಎರಡು ಗಂಟೆಗೆ ಜಗುಲಿಯಲ್ಲಿ ಹಿಂಗಾಲಿನಿಂದ ಪರಪರ ಕೆರೆಯುವ ಸದ್ದು.

ಮೂರು ವರ್ಷದಿಂದ ಒಂದೇ ದ್ರಾವಣ ಬಳಸುತ್ತಿದ್ದೇನೆ. 120 ಎಂಎಲ್ ಬಾಟಲಿ, ಈಗ ನಡೆಯುತ್ತಿರುವುದು ಒಂಬತ್ತನೆಯದು. ಕಂಪನಿ ಹೆಸರು ಬರೆಯುವುದಿಲ್ಲ, ಯಾಕೆಂದರೆ ಇದೇ ಬಗೆಯದು ಬೇರೆ ಬೇರೆಯವರದ್ದು ಸಿಗುತ್ತದೆ. ಲೇಬಲ್ ಓದಿ ತೊಗೊಳ್ಳಿ. ನನ್ನದರಲ್ಲಿ ಇರುವುದು ಸ್ಯಾಲಿಸಿಲಿಕ್ ಆಮ್ಲ, ಲ್ಯಾಕ್ಟಿಕ್ ಆಮ್ಲ, ಪ್ರೊಪಿಲೀನ್ ಗ್ಲೈಕಾಲ್. ಗುಗ್ಗೆಯನ್ನು ಸಡಿಲ ಮಾಡುತ್ತದೆ, ಕಿವಿಯನ್ನು ಒಣಗಿಸುತ್ತದೆ, ಒಳಗೆ ಸ್ವಲ್ಪ ಹುಳಿ ಗುಣ ಉಳಿಸಿ ಬೂಷ್ಟು ಬೆಳೆಯದ ಹಾಗೆ ನೋಡಿಕೊಳ್ಳುತ್ತದೆ. ಅಷ್ಟೇ ಅದರ ಕೆಲಸ. ಇದು ಔಷಧಿ ಅಲ್ಲ. ಈ ಒಂದು ಮಾತು ತಲೆಗೆ ಹೋಗಲು ನನಗೆ ಒಂದು ವರ್ಷ ಬೇಕಾಯಿತು.

ಮೊದಲ ವರ್ಷದ ಕತೆ ಹೇಳಿಬಿಡುತ್ತೇನೆ. ಕಿವಿಯಿಂದ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ಒಳಗೆಲ್ಲ ಕಂದು ಬಣ್ಣದ ಅಂಟು. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದು ಬಂದರು. "ಮಕ್ಕಳಿಗೆಲ್ಲ ಇದನ್ನೇ ಬಿಟ್ಟಿದ್ದು, ಇವನಿಗೆ ಬಿಟ್ರೆ ಏನಾಗ್ತದೆ?" ನಾನೂ ಸುಮ್ನಿದ್ದೆ. ಎರಡು ದಿನ ಬಿಟ್ಟೆವು. ಎಣ್ಣೆ, ಗುಗ್ಗೆ, ಕೆರೆ ನೀರು ಮೂರೂ ಸೇರಿ ಒಳಗೆ ಕೆಸರಾಯಿತು. ಆಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಿ ಕಿವಿಗೆ ಹಾಕುವ ಹನಿ ಔಷಧಿ ತಂದೆ. ನಾಲ್ಕು ದಿನಕ್ಕೆ ವಾಸನೆ ಹೋಯಿತು, ನಿಲ್ಲಿಸಿದೆ. ಮೂರು ವಾರಕ್ಕೆ ಮತ್ತೆ ಬಂತು. ಉಳಿದ ಅದೇ ಬಾಟಲಿ ಮತ್ತೆ ನಾಲ್ಕು ದಿನ. ಹೀಗೆ ಮೂರು ಸಲ. ಇದರ ನಡುವೆ ಈ ದ್ರಾವಣವೂ ಸೇರಿಕೊಂಡಿತು, ದಿನಾ ಎರಡು ಹೊತ್ತು. ತೊಳೆದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಒಂದು ದಿನ ದ್ರಾವಣವನ್ನು ಕಿವಿಗೆ ಬಿಟ್ಟ ಕೂಡಲೇ ಗುಂಡ ಕಿರುಚಿ ಕೊಟ್ಟಿಗೆ ಕಡೆ ಓಡಿದ. ಒಳಗಿನ ಚರ್ಮ ಹಸಿ ಹಸಿಯಾಗಿತ್ತು. ಹುಳಿ ದ್ರಾವಣ ಹಸಿಗಾಯಕ್ಕೆ ಬಿದ್ದರೆ ಉರಿಯದೆ ಇರುತ್ತದಾ?

ಮಾರನೇ ದಿನ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಡಾಕ್ಟರ್ ಮೇಡಂ ಎಲ್ಲ ಕೇಳಿ ಒಂದೇ ಮಾತು ಅಂದರು: "ನೀವು ಕಿವಿಗೆ ಔಷಧಿ ಹಾಕ್ತಾ ಇದ್ರಾ, ವಾಸನೆಗೆ ಹಾಕ್ತಾ ಇದ್ರಾ?"

ಅವರು ಮೊದಲು ಮಾಡಿದ್ದು ದೀಪದ ಕೊಳವೆಯಲ್ಲಿ ಒಳಗೆ ಇಣುಕಿ ಕಿವಿಯ ತಮಟೆ ಗಟ್ಟಿಯಾಗಿದೆಯಾ ಅಂತ ನೋಡಿದ್ದು. ಅದು ಹರಿದಿದ್ದರೆ ಕೆಲವು ಹನಿಗಳು, ತೊಳೆಯುವ ದ್ರಾವಣಗಳು ಒಳಗಿಳಿದು ಕಿವುಡು ಮಾಡಬಹುದಂತೆ. ಕೇಳಿ ನನ್ನ ಎದೆ ಧಸಕ್ ಅಂದಿತು. ಅಷ್ಟು ದಿನ ಕಣ್ಣು ಮುಚ್ಚಿಕೊಂಡು ಸುರಿದಿದ್ದೆನಲ್ಲ! ಆಮೇಲೆ ಹತ್ತಿಕಡ್ಡಿಯಲ್ಲಿ ಗುಗ್ಗೆ ತೆಗೆದು ಗಾಜಿನ ಮೇಲೆ ಉರುಳಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ನೇರಳೆ ಬಣ್ಣದ ಪುಟ್ಟ ಪುಟ್ಟ ಶೇಂಗಾ ಕಾಯಿಗಳ ಹಾಗೆ, ಕಣ್ಣು ಹಾಯಿಸಿದಲ್ಲೆಲ್ಲ. ಮಲಸೀಜಿಯಾ ಅನ್ನುವ ಯೀಸ್ಟ್, ಒಂದು ಬಗೆಯ ಬೂಷ್ಟು. ಎಲ್ಲಾ ನಾಯಿಗಳ ಮೈಮೇಲೂ ಸ್ವಲ್ಪ ಇರುತ್ತದಂತೆ. ತೇವ, ಗುಗ್ಗೆ, ಅಲರ್ಜಿ ಸಿಕ್ಕರೆ ಹಬ್ಬ ಮಾಡುತ್ತದೆ. ಕಾಫಿ ಪುಡಿಯ ಹಾಗೆ ಒಣ ಕಪ್ಪು ಪುಡಿ ಬಂದರೆ ಕಿವಿ ನುಸಿ ಇರಬಹುದು, ಹಳದಿ ಕೀವು ಬಂದರೆ ಬ್ಯಾಕ್ಟೀರಿಯಾ ಇರಬಹುದು, ಒಂದೊಂದಕ್ಕೆ ಒಂದೊಂದು ಔಷಧಿ. ಮೂಗಿನಿಂದ ಅಂದಾಜು ಮಾಡಬಹುದು, ತೀರ್ಮಾನ ಮಾಡಬಾರದು.

ಊತ ಇಳಿಯುವವರೆಗೆ ನನ್ನ ಬಾಟಲಿಗೆ ರಜೆ. ಯೀಸ್ಟಿನ ಹನಿ ಮೂರು ವಾರ, ಗುಣವಾದ ಹಾಗೆ ಕಂಡರೂ ನಿಲ್ಲಿಸದೆ. ಮೂರು ವಾರದ ಮೇಲೆ ಮತ್ತೆ ಗಾಜಿನ ಮೇಲೆ ನೋಡಿ, ಶೇಂಗಾ ಕಾಯಿ ಇಲ್ಲ ಅಂದ ಮೇಲೆಯೇ ನಿಲ್ಲಿಸಿದ್ದು. ಬಾಟಲಿಯ ನಿಜವಾದ ಬಳಕೆ ಶುರುವಾಗಿದ್ದು ಅಲ್ಲಿಂದ.

ನಾನು ಮಾಡುವ ಕ್ರಮ ಹೀಗೆ. ಬಾಟಲಿಯನ್ನು ಹಂಡೆಯ ಬಿಸಿನೀರಿನ ಚೊಂಬಿನಲ್ಲಿ ಎರಡು ನಿಮಿಷ ಇಟ್ಟು, ಕೈ ಮೇಲೆ ಒಂದು ಹನಿ ಬಿಟ್ಟು ನೋಡುತ್ತೇನೆ. ಉಗುರುಬೆಚ್ಚಗೂ ಬೇಡ, ತಣ್ಣಗೆ ಇರದಿದ್ದರೆ ಸಾಕು. ನಾಯಿಯ ಕಿವಿ ನಮ್ಮದರ ಹಾಗಲ್ಲ. ಬಾವಿಯ ಹಾಗೆ ಕೆಳಗಿಳಿದು, ಆಮೇಲೆ ಸುರಂಗದ ಹಾಗೆ ಒಳಕ್ಕೆ ತಿರುಗುತ್ತದೆ. ಅದಕ್ಕೇ ನಾಲ್ಕು ಹನಿ ಬಿಟ್ಟರೆ ಏನೂ ಆಗುವುದಿಲ್ಲ. ಕಿವಿಯ ಹಾಳೆಯನ್ನು ಮೇಲಕ್ಕೆತ್ತಿ ಹಿಡಿದು, ಬಾಟಲಿಯ ಮೂತಿ ಚರ್ಮಕ್ಕೆ ತಾಗದ ಹಾಗೆ, ದ್ರವ ಮೇಲೆ ಕಾಣುವಷ್ಟು ತುಂಬಬೇಕು. ಕಿವಿಯ ಬುಡವನ್ನು ಅರ್ಧ ನಿಮಿಷ ಮೆತ್ತಗೆ ಹಿಸುಕಬೇಕು. ಕೆಸರಿನಲ್ಲಿ ಕಾಲಿಟ್ಟ ಹಾಗೆ ಪಚಪಚ ಸದ್ದು ಬಂದರೆ ಸರಿಯಾಗಿ ಒಳಗೆ ಹೋಗಿದೆ ಅಂತ ಅರ್ಥ. ಆಮೇಲೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿರಿ. ತಲೆ ಕೊಡವಲಿ, ಒಳಗಿನದ್ದನ್ನು ಮೇಲೆ ತರುವುದು ಅದೇ. (ಇದನ್ನು ಅಂಗಳದಲ್ಲೇ ಮಾಡಿ. ನಮ್ಮ ಬಿಳಿ ಗೋಡೆಯಲ್ಲಿ ಇನ್ನೂ ಕಂದು ಚುಕ್ಕಿ ಇವೆ.) ಬೆರಳಿಗೆ ಹತ್ತಿಬಟ್ಟೆ ಸುತ್ತಿ, ಬೆರಳು ಹೋದಷ್ಟು ಮಾತ್ರ ಒರೆಸಿ. ಹತ್ತಿಕಡ್ಡಿ ಬೇಡವೇ ಬೇಡ, ಅದು ಗುಗ್ಗೆಯನ್ನು ಇನ್ನೂ ಒಳಕ್ಕೆ ದೂಡುತ್ತದೆ.

ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ. ಕೆರೆಗೆ ಹಾರಿದ ದಿನ ಕಿವಿ ಒಣಬಟ್ಟೆಯಲ್ಲಿ ಒರೆಸಿ, ಅವತ್ತು ಇದನ್ನೂ ಹಾಕುತ್ತೇನೆ. ಜಾಸ್ತಿ ತೊಳೆದರೆ ಚರ್ಮ ಸದಾ ನೆನೆದು ಮೆತ್ತಗಾಗುತ್ತದೆ, ಅದೇ ಮುಂದಿನ ಸೋಂಕಿಗೆ ದಾರಿ.

ಆದರೂ ಎರಡನೇ ವರ್ಷ ಒಂದು ಸಲ ಬಂತು. ಅದೂ ಮಳೆ ಇಲ್ಲದ ಫೆಬ್ರವರಿಯಲ್ಲಿ! ಬಾಟಲಿ ಮೇಲೆ ಸಿಟ್ಟು ಬಂದಿದ್ದು ನಿಜ. ಮೇಡಂ ಕೇಳಿದರು, "ಪಂಜ ನೆಕ್ತಾನಾ?" ಹೌದು, ಸದಾ. ಅದು ಅಲರ್ಜಿಯ ಗುರುತು ಇರಬಹುದಂತೆ. "ಊಟ ಏನು?" ಅನ್ನ, ಕೋಳಿ. ಎಂಟು ವಾರ ಕೋಳಿ ಪೂರ್ತಿ ಬಂದ್, ಅವನು ಹಿಂದೆ ತಿನ್ನದೇ ಇದ್ದದ್ದು ಮಾತ್ರ ಕೊಡಿ ಅಂದರು. ಮೀನು, ಬೇಯಿಸಿದ ಗೆಣಸು. ಬಿಸ್ಕತ್ತಿಲ್ಲ, ಮೊಸರನ್ನವಿಲ್ಲ, ಅತ್ತೆ ತಟ್ಟೆಯಿಂದ ಬೀಳುವ ತುಂಡೂ ಇಲ್ಲ. ಎಲ್ಲಕ್ಕಿಂತ ಕಷ್ಟವಾಗಿದ್ದು ಕೊನೆಯದು. ಎಂಟು ವಾರಕ್ಕೆ ಪಂಜ ನೆಕ್ಕುವುದು ನಿಂತಿತು. ಪರೀಕ್ಷೆಗೆ ಅಂತ ಕೋಳಿ ಮತ್ತೆ ಕೊಟ್ಟೆವು, ಆರನೇ ದಿನ ಎಡಗಿವಿ ಕೆಂಪು. ಅಲ್ಲಿಗೆ ಗುಂಡನ ಪಾಲಿಗೆ ಕೋಳಿ ಮುಗಿಯಿತು. ನಿಮ್ಮ ನಾಯಿಗೆ ಬೇರೇನೋ ಇರಬಹುದು, ಧೂಳಿನ ಅಲರ್ಜಿಯೂ ಆಗಿರಬಹುದು. ಪದೇ ಪದೇ ಬರುತ್ತಿದ್ದರೆ ಹಿಂದೆ ಒಂದು ಕಾರಣ ಕೂತಿದೆ ಅಂತಲೇ ತಿಳಿಯಿರಿ. ಅದನ್ನು ಬಿಟ್ಟು ಬರೀ ಬಾಟಲಿ ಬದಲಾಯಿಸುತ್ತಾ ಹೋದರೆ ದುಡ್ಡು ದಂಡ. ಆಮೇಲೆ ಈ ಒಂದೂವರೆ ವರ್ಷದಲ್ಲಿ ಅವನಿಗೆ ಕಿವಿ ಹನಿ ಬೇಕಾಗಿಲ್ಲ.

ದೂರುಗಳೂ ಇವೆ. ಬಾಟಲಿ ಮೂತಿಯ ತೂತು ದೊಡ್ಡದು, ಜೋರಾಗಿ ಒತ್ತಿದರೆ ಒಂದೇ ಸಲಕ್ಕೆ ಕಾಲು ಬಾಟಲಿ ಖಾಲಿ. ಅಳತೆಯ ಗೆರೆ ಇಲ್ಲ. ಸುಗಂಧ ಯಾರಿಗೆ ಬೇಕಿತ್ತೋ, ಗುಂಡ ಹತ್ತು ಸಲ ಸೀನುತ್ತಾನೆ. ಆ ಘಮದಲ್ಲಿ ಹುಳಿ ವಾಸನೆ ಅಡಗಿಬಿಡುವುದರಿಂದ ತೊಳೆಯುವ ಮೊದಲೇ ಮೂಸಿ ನೋಡಬೇಕು. ಇದು ನನ್ನ ದೊಡ್ಡ ತಕರಾರು. ಬೆಲೆ ಮೊದಲ ಬಾಟಲಿಗೆ 480 ಕೊಟ್ಟಿದ್ದೆ, ಈಗ 560. ಐದಕ್ಕೆ ನಾಲ್ಕು ಕೊಡುತ್ತೇನೆ, ಆ ಒಂದು ಅಂಕ ಸುಗಂಧಕ್ಕೇ ಹೋಯಿತು.

ತಲೆ ಒಂದು ಕಡೆ ವಾಲಿಸಿಕೊಂಡು ನಡೆದರೆ, ತೂರಾಡಿದರೆ, ಕಿವಿ ಮುಟ್ಟಿದರೆ ಅತ್ತರೆ, ಕಿವಿ ಹಾಳೆ ದಿಂಬಿನ ಹಾಗೆ ಉಬ್ಬಿದರೆ ಯಾವ ಬಾಟಲಿಯನ್ನೂ ಮುಟ್ಟಬೇಡಿ. ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ಟು, ಮನೆಯ ವಿನೆಗರ್ ಯಾವುದೂ ಕಿವಿಗಲ್ಲ.

ಈ ಸಲದ ಮಳೆ ಹಿಡಿದು ಎರಡು ವಾರವಾಯಿತು. ಮುಚ್ಚಳ ಟಕ್ ಅಂದರೆ ಮೊದಲು ಹಂಡೆ ಹಿಂದೆ ಹೋಗಿ ಕೂರುತ್ತಿದ್ದ. ತೊಳೆದ ಮೇಲೆ ಗೆಣಸಿನ ತುಂಡು ಕೊಡುವ ರೂಢಿ ಮಾಡಿದ ಮೇಲೆ ತಾನೇ ಬರುತ್ತಾನೆ. ಬಂದು ಎಡಗಿವಿಯನ್ನು ಗೋಡೆಗೆ ಒತ್ತಿಕೊಂಡು ಕೂತು, ಬಲಗಿವಿ ಮಾತ್ರ ಕೊಡುತ್ತಾನೆ.