ತಂದೆಯವರ ಎರಡು ಕಾಲು, ಎರಡು ಚಿಕಿತ್ಸೆ: ಬೈಪಾಸ್ ಮತ್ತು ಬಲೂನ್ ಎರಡನ್ನೂ ಹತ್ತಿರದಿಂದ ಕಂಡ ಮೇಲೆ

ನನ್ನ ತಂದೆಯವರ ಎಡಗಾಲಿಗೆ 2015ರಲ್ಲಿ ತೆರೆದ ಶಸ್ತ್ರಚಿಕಿತ್ಸೆಯ ಮೂಲಕ ಬೈಪಾಸ್, ಎಂದರೆ ಕಟ್ಟಿಕೊಂಡ ನಾಳದ ಪಕ್ಕದಲ್ಲಿ ರಕ್ತಕ್ಕೆ ಬೇರೆ ದಾರಿ, ಆಯಿತು. ಬಲಗಾಲಿನ ನಾಳವನ್ನು 2021ರಲ್ಲಿ ಒಳಗಿನಿಂದ ಬಲೂನ್ ಊದಿಸಿ ಹಿಗ್ಗಿಸಿ, ಅದನ್ನು ತೆರೆದಿಡುವ ಜಾಲರಿಯ ಕೊಳವೆಯಾದ ಸ್ಟೆಂಟ್ ಹಾಕಲಾಯಿತು. ಎರಡೂ ನಡೆದದ್ದು ಬೆಂಗಳೂರಿನಲ್ಲಿ, ಬೇರೆ ಬೇರೆ ಆಸ್ಪತ್ರೆಗಳಲ್ಲಿ. ಎರಡೂ ಸಲ ಹಾಸಿಗೆಯ ಪಕ್ಕದಲ್ಲಿದ್ದವನು ನಾನು. ಕಾಲಿನ ರಕ್ತನಾಳ ಕಟ್ಟಿಕೊಂಡವರ ಮನೆಯವರು ಈಗಲೂ ನನಗೆ ಫೋನ್ ಮಾಡಿ, "ಒಂದು ಸಣ್ಣ ತೂತಿನಲ್ಲಿ ಮುಗಿಯುತ್ತದಂತಲ್ಲ, ಕೊಯ್ಯಿಸಿಕೊಳ್ಳುವುದೇಕೆ?" ಎಂದು ಕೇಳುತ್ತಾರೆ. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಆದರೆ ಗಾಯ ಎಷ್ಟು ಚಿಕ್ಕದು ಎಂಬುದರ ಮೇಲೆ ಚಿಕಿತ್ಸೆಯನ್ನು ಆರಿಸಿಕೊಳ್ಳಬಾರದು ಎಂಬುದು ಈ ಹತ್ತು ವರ್ಷಗಳಲ್ಲಿ ನನಗೆ ಖಚಿತವಾಗಿದೆ.

ತಂದೆಯವರು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಹದಿನೆಂಟನೆಯ ವಯಸ್ಸಿನಿಂದ ಬೀಡಿ, ಐವತ್ತು ದಾಟುವ ಹೊತ್ತಿಗೆ ಸಕ್ಕರೆ ಕಾಯಿಲೆ. ಮನೆಯಿಂದ ಮಂಡಿಗೆ ಒಂದೇ ಉಸಿರಿಗೆ ನಡೆದು ಹೋಗುತ್ತಿದ್ದವರು ಮೊದಲು ದಾರಿಯಲ್ಲಿ ಒಂದು ಕಡೆ ನಿಲ್ಲತೊಡಗಿದರು, ಆಮೇಲೆ ಮೂರು ಕಡೆ. ನಡೆದರೆ ಮೀನಖಂಡ ಹಿಡಿದುಕೊಳ್ಳುವುದು, ಎರಡು ನಿಮಿಷ ನಿಂತರೆ ಬಿಡುವುದು. ಇದನ್ನು ನಾವು ಒಂದು ವರ್ಷ ನರದ ದೌರ್ಬಲ್ಯವೆಂದು ತಿಳಿದು ಎಣ್ಣೆ ಹಚ್ಚುತ್ತ ಕಳೆದೆವು. ಕೊನೆಗೆ ಹೊಸ ಚಪ್ಪಲಿಯ ಪಟ್ಟಿ ಉಜ್ಜಿ ಹೆಬ್ಬೆರಳಿನ ಪಕ್ಕ ಆದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ರಾತ್ರಿ ಕಾಲು ಚಾಚಿ ಮಲಗಲಾಗದೆ, ಮಂಚದ ಅಂಚಿನಿಂದ ಎಡಗಾಲನ್ನು ಇಳಿಬಿಟ್ಟು ಕುಳಿತೇ ಬೆಳಗು ಮಾಡುತ್ತಿದ್ದರು. ಕಾಲು ಕೆಳಗಿದ್ದಾಗ ಭಾರದ ಬಲದಿಂದ ಇನ್ನಷ್ಟು ರಕ್ತ ಇಳಿಯುತ್ತದೆ, ಅದಕ್ಕೇ ನೋವು ತಗ್ಗುತ್ತದೆ ಎಂಬುದು ನಮಗೆ ಆಗ ಗೊತ್ತಿರಲಿಲ್ಲ. ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿ ನೋಡುವ ಒಂದು ಸರಳ ಪರೀಕ್ಷೆಯಿದೆ. ಫಲಿತಾಂಶ 0.9ಕ್ಕಿಂತ ಕಡಿಮೆಯಿದ್ದರೆ ಕಾಲಿಗೆ ರಕ್ತ ತರುವ ಅಪಧಮನಿಯಲ್ಲಿ ತಡೆಯಿದೆ ಎಂದರ್ಥ. ತಂದೆಯವರದು 0.4 ಇತ್ತು. ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆ ಸುಣ್ಣಗಟ್ಟಿದ್ದರೆ ಈ ಸಂಖ್ಯೆ ಸುಳ್ಳಾಗಿ ಹೆಚ್ಚು ತೋರಿಸುವುದೂ ಉಂಟು; ಆದ್ದರಿಂದ ಸಂಖ್ಯೆ ಚೆನ್ನಾಗಿದೆಯೆಂದು ಮಾಯದ ಗಾಯವನ್ನು ಕಡೆಗಣಿಸಬಾರದು.

ತೊಡೆಯ ಮುಖ್ಯ ಅಪಧಮನಿ ತೊಡೆಸಂದಿನ ಸ್ವಲ್ಪ ಕೆಳಗಿನಿಂದ ಮೊಣಕಾಲಿನವರೆಗೆ ಉದ್ದಕ್ಕೂ ಮುಚ್ಚಿಹೋಗಿತ್ತು. ಶಸ್ತ್ರವೈದ್ಯರು ಆಂಜಿಯೋಗ್ರಾಂ ಚಿತ್ರವನ್ನು (ನಾಳಕ್ಕೆ ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ) ಪರದೆಯ ಮೇಲೆ ಹಾಕಿ, ಕರಿಗೆರೆ ತಟ್ಟನೆ ನಿಂತುಹೋಗುವ ಜಾಗವನ್ನೂ ಮೊಣಕಾಲಿನ ಕೆಳಗೆ ಮತ್ತೆ ತೆಳ್ಳಗೆ ಕಾಣಿಸಿಕೊಳ್ಳುವ ಜಾಗವನ್ನೂ ಪೆನ್ನಿನಿಂದ ತೋರಿಸಿದರು. "ಯಜಮಾನರೇ, ಹೊಳೆಗೆ ಮಣ್ಣು ಕುಸಿದಿದೆ. ನಿಮ್ಮದೇ ಕಾಲಿನ ಅಭಿಧಮನಿಯನ್ನು ತೆಗೆದು ಪಕ್ಕದಲ್ಲಿ ಕಾಲುವೆ ಮಾಡುತ್ತೇವೆ" ಎಂದರು. ತೊಡೆಯಿಂದ ಕಣಕಾಲಿನವರೆಗೆ ಚರ್ಮದ ಕೆಳಗೇ ಹಾದುಹೋಗುವ, ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಉದ್ದನೆಯ ಅಭಿಧಮನಿಯೊಂದಿದೆ. ಅದರೊಳಗಿನ ಕವಾಟಗಳು ರಕ್ತವನ್ನು ಮೇಲಕ್ಕೆ ಮಾತ್ರ ಬಿಡುತ್ತವೆ. ಆದ್ದರಿಂದ ಅದನ್ನು ಬಿಡಿಸಿ ತಲೆಕೆಳಗಾಗಿ ತಿರುಗಿಸಿ ಹೊಲಿಯುತ್ತಾರೆ. ಇಲ್ಲವೇ ಕವಾಟಗಳನ್ನು ಒಳಗಿನಿಂದಲೇ ಸೀಳಿ, ಇದ್ದ ಜಾಗದಲ್ಲೇ ಬಳಸಿಕೊಳ್ಳುತ್ತಾರೆ. ಕಾಲಿಗೆ ಹೀಗೆ ಉದ್ದನೆಯ ಅಭಿಧಮನಿ ಬೈಪಾಸ್ ಮಾಡುವುದನ್ನು 1948ರಲ್ಲಿ ಪ್ಯಾರಿಸ್ಸಿನಲ್ಲಿ ಜ್ಯಾಂ ಕುನ್ಲಾಂ ಆರಂಭಿಸಿದರು. ಮುಕ್ಕಾಲು ಶತಮಾನ ಕಳೆದರೂ ಕಾಲಿನಲ್ಲಿ ಸ್ವಂತ ಅಭಿಧಮನಿಗೆ ಸಮನಾದ ಕೃತಕ ಕೊಳವೆ ಸಿಕ್ಕಿಲ್ಲ ಎಂಬುದು ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಬೆರಗಿನ ಸಂಗತಿ.

ಶಸ್ತ್ರಚಿಕಿತ್ಸೆ ಸುಮಾರು ಐದು ಗಂಟೆ ನಡೆಯಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಅದರ ಕಷ್ಟವನ್ನು ನಾನು ಮುಚ್ಚಿಡುವುದಿಲ್ಲ. ತೊಡೆಸಂದಿನ ಹೊಲಿಗೆಯಿಂದ ಮೂರು ವಾರ ನೀರು ಒಸರಿತು. ದಿನ ಬಿಟ್ಟು ದಿನ ಡ್ರೆಸಿಂಗ್ ಮಾಡಿಸಬೇಕಾಯಿತು. ಕಾಲು ಎರಡು ತಿಂಗಳು ಬಾವಿನಿಂದ ಕಂಬದಂತಿತ್ತು. ಸಂಜೆಯಾದರೆ ದಿಂಬಿನ ಮೇಲಿಟ್ಟುಕೊಂಡೇ ಕೂರಬೇಕಿತ್ತು. ಕಣಕಾಲಿನ ಹತ್ತಿರದ ಗಾಯದ ಗೆರೆಯ ಪಕ್ಕ ಚರ್ಮಕ್ಕೆ ಇಂದಿಗೂ ಸ್ಪರ್ಶಜ್ಞಾನ ಕಡಿಮೆ. ಆದರೆ ಶಸ್ತ್ರಚಿಕಿತ್ಸೆಯ ರಾತ್ರಿಯೇ ತಣ್ಣಗಿದ್ದ ಪಾದ ಬೆಚ್ಚಗಾಯಿತು. ಮರುದಿನ ಬೆಳಿಗ್ಗೆ ವೈದ್ಯರು ಪಾದದ ಮೇಲೆ ನಾಡಿ ಸಿಗುವ ಜಾಗವನ್ನು ಹುಡುಕಿ, ಬಾಲ್‌ಪೆನ್ನಿನಿಂದ ಒಂದು ಕತ್ತರಿ ಗುರುತು ಹಾಕಿ, ತಂದೆಯವರ ಬೆರಳನ್ನೇ ಹಿಡಿದು ಅಲ್ಲಿ ಇಟ್ಟರು. ಶಾಯಿ ಅಳಿಸಿ ಎಷ್ಟೋ ಕಾಲವಾಯಿತು; ತಂದೆಯವರು ಈಗಲೂ ಕಾಫಿಗೆ ಮೊದಲು ಬಗ್ಗಿ ಅದೇ ಜಾಗಕ್ಕೆ ಬೆರಳಿಡುತ್ತಾರೆ. ಹೆಬ್ಬೆರಳಿನ ಗಾಯ ಹತ್ತು ವಾರಗಳಲ್ಲಿ ಮಾಯಿತು. ಬೀಡಿ ಅಂದೇ ನಿಂತಿತು.

2021ರಲ್ಲಿ ಬಲಗಾಲು ಅದೇ ಲಕ್ಷಣ ತೋರಿಸಿದಾಗ ನಾವು ಮೊದಲು ಹೋದ ಆಸ್ಪತ್ರೆಯ ಅನುಭವವನ್ನು ಹೇಳಲೇಬೇಕು, ಹೆಸರು ಹೇಳುವುದಿಲ್ಲ. ಅಲ್ಲಿ ಆಂಜಿಯೋಗ್ರಾಂ ಮಾಡುತ್ತಿರುವಾಗಲೇ ಒಬ್ಬರು ಹೊರಗೆ ಬಂದು, "ಮೂರು ಸ್ಟೆಂಟ್ ಬೇಕಾಗುತ್ತದೆ, ರೋಗಿ ಮೇಜಿನ ಮೇಲೇ ಇದ್ದಾರೆ, ಈಗಲೇ ಸಹಿ ಮಾಡಿ" ಎಂದು ಕಾಗದ ಹಿಡಿದರು. ಬೈಪಾಸ್‌ಗೆ ಅಭಿಧಮನಿ ಚೆನ್ನಾಗಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡಿದಿರಾ ಎಂದು ಕೇಳಿದೆ. "ಅದೆಲ್ಲ ಹಳೆಯ ಪದ್ಧತಿ" ಎಂಬ ಉತ್ತರ ಬಂತು. ಅಲ್ಲಿ ರಕ್ತನಾಳದ ಶಸ್ತ್ರವೈದ್ಯರೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ನಾನು ಸಹಿ ಹಾಕಲಿಲ್ಲ. ಮನೆಯವರಿಗೆ ಯೋಚಿಸಲು ಒಂದು ರಾತ್ರಿಯನ್ನೂ ಕೊಡದೆ, ಇನ್ನೊಂದು ದಾರಿಯ ಹೆಸರನ್ನೂ ಎತ್ತದೆ ಸಹಿ ಕೇಳುವುದನ್ನು ನಾನು ಒಪ್ಪಿಗೆ ಎಂದು ಕರೆಯಲಾರೆ. ಜೀವ ಅಥವಾ ಕಾಲು ಆ ಗಂಟೆಯಲ್ಲೇ ಹೋಗುವ ತುರ್ತಿದ್ದರೆ ಮಾತು ಬೇರೆ. ತಂದೆಯವರಿಗೆ ಅಂಥ ತುರ್ತು ಇರಲಿಲ್ಲ.

ಎರಡನೆಯ ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದು ಅದೇ ಸ್ಕ್ಯಾನ್. ಬಲಗಾಲಿನ ಅಭಿಧಮನಿ ಬಹುಪಾಲು 3 ಮಿಲಿಮೀಟರಿಗಿಂತ ತೆಳ್ಳಗಿತ್ತು. ಎಡಗಾಲಿನದು 2015ರಲ್ಲೇ ಬಳಕೆಯಾಗಿತ್ತು. ಅಷ್ಟರಲ್ಲಿ ಹೃದಯವೂ ದುರ್ಬಲವಾಗಿತ್ತು, ವಯಸ್ಸು ಎಪ್ಪತ್ತೊಂದು. ತಡೆಯೂ ಈ ಸಲ ಗಿಡ್ಡವಾಗಿತ್ತು. ಹೀಗೆ ಒಂದೊಂದಾಗಿ ತೂಗಿ ನೋಡಿ, ಬೈಪಾಸ್ ಮಾಡಬಲ್ಲ ವೈದ್ಯರೇ ಬಲೂನ್ ಸಾಕು ಎಂದಾಗ ನಮಗೆ ನಂಬಿಕೆ ಬಂತು. ಒಂದನ್ನೇ ಬಲ್ಲವರು ಅದನ್ನೇ ಶಿಫಾರಸು ಮಾಡುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಚಿಕಿತ್ಸೆಯಂತೂ ನಿಜಕ್ಕೂ ಹಗುರವಾಗಿತ್ತು. ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್, ಅಲ್ಲಿಂದ ಸಣ್ಣ ನಳಿಕೆ, ನಳಿಕೆಯೊಳಗೆ ಕೂದಲಿನಂಥ ತಂತಿ. ತಂತಿ ತಡೆಯನ್ನು ದಾಟಿದ ಮೇಲೆ ಅದರ ಗುಂಟ ಬಲೂನ್ ತೂರಿಸಿ ಊದಿಸುವುದು, ನಾಳ ಮತ್ತೆ ಕುಗ್ಗುವಂತಿದ್ದರೆ ಸ್ಟೆಂಟ್ ಇಡುವುದು. ಒಂದೂವರೆ ಗಂಟೆಯಲ್ಲಿ ಮುಗಿಯಿತು. ಆರು ಗಂಟೆ ಕಾಲು ಮಡಿಸದೆ ಅಂಗಾತ ಮಲಗಿದ್ದರು, ಮರುದಿನ ಮಧ್ಯಾಹ್ನ ಊರಿಗೆ ಹೊರಟೆವು. ತೊಡೆಯ ಮೇಲೆ ಅಂಗೈಯಗಲ ನೀಲಿಗಟ್ಟಿತ್ತು, ಎರಡು ವಾರದಲ್ಲಿ ಮಾಸಿತು. ಆಂಜಿಯೋಗ್ರಾಂಗೆ ಬಳಸುವ ಬಣ್ಣದ ದ್ರವ ಮೂತ್ರಪಿಂಡಕ್ಕೆ ಹೊರೆಯಾಗಬಹುದು. ಆದ್ದರಿಂದ ಮೊದಲೇ ಡ್ರಿಪ್ ಹಾಕಿ, ಎರಡು ದಿನ ಬಿಟ್ಟು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆಯವರು ಈ ಪರೀಕ್ಷೆಯನ್ನು ಬಿಡಬಾರದು.

ಈ ವಿಧಾನ ಹುಟ್ಟಿದ್ದೇ ಕಾಲಿಗಾಗಿ, ಹೃದಯಕ್ಕಾಗಿ ಅಲ್ಲ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ, ಗ್ಯಾಂಗ್ರೀನ್ ಆದ ಕಾಲನ್ನು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ತೊಡೆಯ ನಾಳವನ್ನು ಚಾರ್ಲ್ಸ್ ಡಾಟರ್ ಎಂಬ ರೇಡಿಯಾಲಜಿಸ್ಟ್ ನಳಿಕೆಗಳಿಂದಲೇ ಹಿಗ್ಗಿಸಿ ಕಾಲನ್ನು ಉಳಿಸಿದರು. ಆಂಡ್ರಿಯಾಸ್ ಗ್ರುಂಟ್‌ಸಿಗ್ 1974ರಲ್ಲಿ ಜ್ಯೂರಿಕ್‌ನಲ್ಲಿ ತಮ್ಮ ಬಲೂನನ್ನು ಮೊದಲು ಬಳಸಿದ್ದೂ ಕಾಲಿನ ನಾಳಕ್ಕೇ. ಹೃದಯಕ್ಕೆ ಅದು 1977ರಲ್ಲಿ ಬಂತು. ಆ ಅಜ್ಜಿಯ ಕಥೆಯನ್ನು ವೈದ್ಯರಿಂದ ಕೇಳಿದ ಮೇಲೆಯೇ ತಂದೆಯವರು ಧೈರ್ಯ ಮಾಡಿ ಒಪ್ಪಿಕೊಂಡರು.

ಹನ್ನೊಂದು ತಿಂಗಳಿಗೆ ಬಲಗಾಲು ಮತ್ತೆ ಹಿಡಿದುಕೊಳ್ಳತೊಡಗಿತು. ಸ್ಟೆಂಟಿನೊಳಗೇ ಅಂಗಾಂಶ ಬೆಳೆದು ನಾಳ ಕಿರಿದಾಗಿತ್ತು. ಔಷಧ ಲೇಪಿಸಿದ ಬಲೂನಿನಿಂದ ಮತ್ತೊಮ್ಮೆ ಹಿಗ್ಗಿಸಬೇಕಾಯಿತು. ಇದು ಯಾರ ತಪ್ಪೂ ಅಲ್ಲ. ಹೀಗಾಗಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು. ಆದರೆ ಖರ್ಚಿನ ಲೆಕ್ಕ ಹಾಕುವವರು ಇದನ್ನೂ ಸೇರಿಸಿಕೊಳ್ಳಬೇಕು. 2015ರ ಬೈಪಾಸ್‌ಗೆ ನಮಗೆ ಆದದ್ದು ಸುಮಾರು 2.4 ಲಕ್ಷ. 2021ರ ಚಿಕಿತ್ಸೆಗೆ 2.1 ಲಕ್ಷ, ಮರುವರ್ಷದ ಬಲೂನಿಗೆ ಇನ್ನೂ 1.6 ಲಕ್ಷ. ಗಾಯ ಚಿಕ್ಕದಾದ ಮಾತ್ರಕ್ಕೆ ಬಿಲ್ ಚಿಕ್ಕದಾಗುವುದಿಲ್ಲ, ಏಕೆಂದರೆ ಇಲ್ಲಿ ಹಣ ಹೋಗುವುದು ಹಾಸಿಗೆಗಲ್ಲ, ತಂತಿ, ಬಲೂನ್, ಸ್ಟೆಂಟ್‌ಗಳಿಗೆ.

ಯಾವುದು ಮೇಲು ಎಂಬುದನ್ನು ದೊಡ್ಡ ಅಧ್ಯಯನಗಳಲ್ಲಿಯೂ ನೋಡಿದ್ದಾರೆ. ಕಾಲು ಕಳೆದುಕೊಳ್ಳುವ ಹಂತದಲ್ಲಿದ್ದ ಸುಮಾರು 1,800 ರೋಗಿಗಳ 'ಬೆಸ್ಟ್-ಸಿಎಲ್‌ಐ' ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಒಳ್ಳೆಯ ಅಭಿಧಮನಿ ಇದ್ದವರಲ್ಲಿ, ಸಾವು, ಕಾಲು ಕತ್ತರಿಸುವುದು ಅಥವಾ ದೊಡ್ಡ ಮರುಚಿಕಿತ್ಸೆ ಇವುಗಳಲ್ಲಿ ಒಂದಾದರೂ ಸಂಭವಿಸಿದ್ದು ಬೈಪಾಸ್ ಗುಂಪಿನಲ್ಲಿ ಶೇ. 42.6, ಬಲೂನ್-ಸ್ಟೆಂಟ್ ಗುಂಪಿನಲ್ಲಿ ಶೇ. 57.4. ಒಳ್ಳೆಯ ಅಭಿಧಮನಿ ಇಲ್ಲದವರಲ್ಲಿ ಎರಡಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಬ್ರಿಟನ್ನಿನ 'ಬೇಸಿಲ್-2' ಅಧ್ಯಯನ ಬಂತು. ಮೊಣಕಾಲಿನ ಕೆಳಗಿನ ನಾಳಗಳಿಗೆ ಚಿಕಿತ್ಸೆ ಬೇಕಾದ 345 ರೋಗಿಗಳಲ್ಲಿ ಅದು ಬಲೂನ್ ಚಿಕಿತ್ಸೆಯ ಕಡೆಗೆ ವಾಲಿತು: ಕಾಲು ಕತ್ತರಿಸಬೇಕಾಗಿ ಬಂದವರು ಅಥವಾ ತೀರಿಕೊಂಡವರು ಬೈಪಾಸ್ ಗುಂಪಿನಲ್ಲಿ ಶೇ. 63, ಇನ್ನೊಂದರಲ್ಲಿ ಶೇ. 53. ಒಂದರ ಮಾತನ್ನು ಇನ್ನೊಂದು ಅಲ್ಲಗಳೆಯುತ್ತದೆ ಎಂದು ಮೊದಲು ನನಗೂ ಅನ್ನಿಸಿತ್ತು. ನಿಧಾನವಾಗಿ ಓದಿದಾಗ ತಿಳಿದದ್ದು, ಎರಡು ಅಧ್ಯಯನಗಳ ರೋಗಿಗಳೂ ಒಂದೇ ಬಗೆಯವರಲ್ಲ, ಅಳೆದ ಸಂಗತಿಗಳೂ ಒಂದೇ ಅಲ್ಲ. ತಡೆ ಎಲ್ಲಿದೆ, ಎಷ್ಟು ಉದ್ದವಿದೆ, ಅಭಿಧಮನಿ ಹೇಗಿದೆ, ರೋಗಿಗೆ ಮುಂದೆ ಎಷ್ಟು ವರ್ಷದ ಬಾಳಿಕೆ ಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದೆ ಈ ಸಂಖ್ಯೆಗಳಲ್ಲಿ ಒಂದನ್ನು ಹಿಡಿದು ವಾದಿಸುವುದು ವ್ಯರ್ಥ.

ಹೊಟ್ಟೆಯ ಮಹಾಪಧಮನಿ ಉಬ್ಬಿಕೊಂಡವರದು ಬೇರೆ ರೋಗ. ಅಲ್ಲಿಯೂ ತೊಡೆಯಿಂದಲೇ ನಾಳದೊಳಗೆ ಕೂರುವ ಕವಚ ತೂರಿಸುವ ವಿಧಾನ ಬಂದಿದೆ, 1990ರಲ್ಲಿ ಅರ್ಜೆಂಟೀನಾದ ಹುವಾನ್ ಪರೋಡಿ ಅದನ್ನು ಮಾಡಿ ತೋರಿಸಿದ ಮೇಲೆ ಜಗತ್ತಿಗೆಲ್ಲ ಹರಡಿತು. 2021ರಲ್ಲಿ ನಮ್ಮ ಪಕ್ಕದ ಹಾಸಿಗೆಯವರಿಗೆ ಅದೇ ಆಗಿತ್ತು, ಮೂರನೆಯ ದಿನ ಎದ್ದು ಓಡಾಡುತ್ತಿದ್ದರು. ಅಲ್ಲಿಯೂ ಮೊದಲ ತಿಂಗಳ ಅಪಾಯ ತೆರೆದ ಶಸ್ತ್ರಚಿಕಿತ್ಸೆಗಿಂತ ಕಡಿಮೆ, ಆದರೆ ಕವಚದ ಸುತ್ತ ರಕ್ತ ಸೋರುತ್ತಿದೆಯೇ ಎಂದು ಬಾಳಿನುದ್ದಕ್ಕೂ ಸ್ಕ್ಯಾನ್ ತಪ್ಪಿಸುವಂತಿಲ್ಲ.

ನಡೆದಾಗ ಮಾತ್ರ ನೋವು ಬರುವವರಿಗೆ, ಗಾಯವಾಗಲಿ ರಾತ್ರಿಯ ನೋವಾಗಲಿ ಇಲ್ಲದಿದ್ದರೆ, ಸಾಮಾನ್ಯವಾಗಿ ಈ ಎರಡರಲ್ಲಿ ಯಾವುದಕ್ಕೂ ಅವಸರವಿಲ್ಲ. ಬೀಡಿ-ಸಿಗರೇಟು ಬಿಡುವುದು, ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಮತ್ತು ಕೊಬ್ಬು ಇಳಿಸುವ ಸ್ಟಾಟಿನ್ ಮಾತ್ರೆಗಳು, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸ ಇವೇ ಮೊದಲ ಚಿಕಿತ್ಸೆ. ನಮಗೆ ಎಣ್ಣೆ ಹಚ್ಚುತ್ತಿದ್ದ ಆ ಒಂದು ವರ್ಷದಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ಎಡಗಾಲಿನ ಕಥೆ ಬೇರೆಯಾಗುತ್ತಿತ್ತೇನೋ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

ಎಡಗಾಲಿನ ಬೈಪಾಸ್ ಹತ್ತು ವರ್ಷಗಳ ಮೇಲೂ ತೆರೆದಿದೆ. ಮೊದಲ ವರ್ಷ ಮೂರು ಸಲ, ಆಮೇಲೆ ವರ್ಷಕ್ಕೊಮ್ಮೆ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದ್ದೇವೆ, ಒಂದನ್ನೂ ತಪ್ಪಿಸಿಲ್ಲ. ಬೈಪಾಸ್ ಮಾಡಿದ ಆಸ್ಪತ್ರೆಯ ನರ್ಸ್ ಮೊದಲ ಎರಡು ವರ್ಷ ತಾರೀಖಿಗೆ ಮುಂಚೆ ಫೋನ್ ಮಾಡಿ ನೆನಪಿಸುತ್ತಿದ್ದರು; ಆ ಸೇವೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಬಲೂನ್ ಮಾಡಿದ ಆಸ್ಪತ್ರೆಗೆ ಚಿಕಿತ್ಸೆಯ ಮೊದಲಿನ ಮಾತುಕತೆಗಾಗಿ ಪೂರ್ಣ ಅಂಕ, ನಂತರದ ನಿಗಾಕ್ಕೆ ಅರ್ಧ, ಏಕೆಂದರೆ ಅಲ್ಲಿ ಮುಂದಿನ ಸ್ಕ್ಯಾನಿನ ತಾರೀಖನ್ನು ನಾವೇ ಕೇಳಿ ಬರೆಸಿಕೊಳ್ಳಬೇಕಾಯಿತು. ಬಲಗಾಲು ಎರಡನೆಯ ಬಲೂನಿನ ನಂತರ ತಡೆದುಕೊಂಡಿದೆ. ತಂದೆಯವರು ಬೆಳಿಗ್ಗೆ ಮನೆಯಿಂದ ಹಳೆಯ ಮಂಡಿಯವರೆಗೆ ಒಂದು ಕಡೆ ಮಾತ್ರ ನಿಂತು ನಡೆಯುತ್ತಾರೆ, ನಿಲ್ಲುವುದು ಬಲಗಾಲಿಗಾಗಿ. ಮುಂದಿನ ಡಾಪ್ಲರ್ ಬರುವ ತಿಂಗಳು. ಮತ್ತೆ ಮುಚ್ಚಿದ್ದರೆ, ಬೈಪಾಸ್‌ಗೆ ಆಗುತ್ತದೆಯೇ ಎಂದು ತೋಳಿನ ಅಭಿಧಮನಿಯನ್ನು ಸ್ಕ್ಯಾನ್ ಮಾಡಿ ನೋಡೋಣ ಎಂದು ವೈದ್ಯರು ಹೇಳಿದ್ದಾರೆ. ಅದಕ್ಕಾಗಿ ಈಗ ರಕ್ತ ತೆಗೆಸುವಾಗಲೂ ಡ್ರಿಪ್ ಹಾಕಿಸುವಾಗಲೂ ಮೊಣಕೈ ಮಡಿಕೆಯ ನಾಳವನ್ನು ಬಿಟ್ಟು ಅಂಗೈಯ ಹಿಂಬದಿಗೆ ಚುಚ್ಚಿಸಿಕೊಳ್ಳುತ್ತಿದ್ದೇವೆ.