ಚೀಲದ ಮೇಲೆ ಜಿಂಕೆ, ಚೀಲದೊಳಗೆ ರೈಗ್ರಾಸ್

ಅಮೆರಿಕದಲ್ಲಿ ಊರಾಚೆ ನಾಲ್ಕೆಂಟು ಎಕರೆ ಕೊಂಡು, ಬೇಟೆಗೆ ಜಿಂಕೆ ಬರಲಿ ಎಂದು ಒಂದು ಮೂಲೆಯಲ್ಲಿ ಮೇವಿನ ತಾಕು ಮಾಡಹೊರಟವರು ಇದನ್ನು ಓದಿ. ಕರ್ನಾಟಕದಲ್ಲಿ ಕೂತು ಓದುವವರು ಕುತೂಹಲಕ್ಕೆ ಮಾತ್ರ ಓದಿ. 1972ರ ವನ್ಯಜೀವಿ ಕಾಯ್ದೆ ಇರುವ ಕಡೆ ಜಿಂಕೆ ಬೇಟೆಯೇ ಅಪರಾಧ.

ಇಲ್ಲಿ ಹೇಳಹೊರಟ, ಕೆಟ್ಟುಹೋದ ತಾಕು ಮಿಷಿಗನ್ ರಾಜ್ಯದ್ದು. ಓಕ್ ಮರ ಕಡಿದು ತೆರವು ಮಾಡಿದ ಅರ್ಧ ಎಕರೆ, ನಮ್ಮ ಲೆಕ್ಕದಲ್ಲಿ 20 ಗುಂಟೆ. ಮೇ ಕೊನೆಗೆ ‘ಉಳುವುದು ಬೇಡ, ಎರಚಿದರೆ ಸಾಕು’ ಎಂಬ ಮಾತಿನ 10 ಪೌಂಡ್ ಮಿಶ್ರ ಬೀಜದ ಚೀಲ ಬಂತು, ಎರಚಿದ್ದೂ ಆಯಿತು. ಹತ್ತು ದಿನದಲ್ಲಿ ನೆಲವೆಲ್ಲ ಹಸಿರು. ಜುಲೈಗೆ ಮೊಣಕಾಲೆತ್ತರದ ಹುಲ್ಲು. ನವೆಂಬರ್ 15ಕ್ಕೆ ಬಂದೂಕಿನ ಬೇಟೆ ಶುರುವಾಗುವ ಹೊತ್ತಿಗೆ ತಾಕಿನಲ್ಲಿ ಉಳಿದದ್ದು ಬಲಿತು ಒರಟಾದ ಹುಲ್ಲು, ಹೂಬಿಟ್ಟು ಒಣಗಿದ ಟರ್ನಿಪ್ ಕಡ್ಡಿ, ಅಲ್ಲೊಂದು ಇಲ್ಲೊಂದು ಕ್ಲೋವರ್ ಎಂಬ ಮೂರೆಲೆಯ ಮೇವಿನ ಗಿಡ. ಜಿಂಕೆಗಳು ಪಕ್ಕದ ಕಾಡಿನಲ್ಲಿ ಓಕ್ ಕಾಯಿ ತಿನ್ನುತ್ತಿದ್ದವು.

ಉತ್ತರ ಚೀಲದಲ್ಲೇ ಇತ್ತು. ಕೊಂಬಿನ ಚಿತ್ರವಿದ್ದ ಮುಂಭಾಗದಲ್ಲಲ್ಲ, ಕೆಳಗೆ ಹೊಲಿದ ಸಣ್ಣ ಚೀಟಿಯಲ್ಲಿ. ವಾರ್ಷಿಕ ರೈಗ್ರಾಸ್ 38%, ಬೀಜದ ಲೇಪನ ಮತ್ತು ಜೀವವಿಲ್ಲದ ಪದಾರ್ಥ 34%, ಟರ್ನಿಪ್ ಮತ್ತು ರೇಪ್ (ಸಾಸಿವೆ ಬಳಗದ ಮೇವಿನ ಬೆಳೆ) 12%, ಲಾಡಿನೋ ಕ್ಲೋವರ್ 9%, ಬಟಾಣಿ 6%, ಕಳೆ ಇತ್ಯಾದಿ 1%. ಮೊಳಕೆ ಪ್ರಮಾಣ 85%. ಈಗ ಲೆಕ್ಕ ಹಾಕಿ: 10 ಪೌಂಡಿನಲ್ಲಿ ಕ್ಲೋವರ್ 0.9 ಪೌಂಡ್, ಅದರಲ್ಲಿ ಮೊಳೆಯುವುದು ಮುಕ್ಕಾಲು ಪೌಂಡ್. ಬರೀ ಲಾಡಿನೋ ಬಿತ್ತುವುದಾದರೆ ಅರ್ಧ ಎಕರೆಗೆ 3ರಿಂದ 4 ಪೌಂಡ್ ಬೇಕು. ಮೂರರಲ್ಲೊಂದು ಪಾಲು ದುಡ್ಡು ಸುಣ್ಣದ ಲೇಪನಕ್ಕೆ ಹೋಯಿತು. ಲೇಪನ ಮೋಸವೇನಲ್ಲ, ಒಳ್ಳೆಯ ಕ್ಲೋವರ್ ಬೀಜಕ್ಕೂ ಹಾಕುತ್ತಾರೆ. ಆದರೆ ಅದರ ತೂಕವನ್ನು ಬೀಜದ ತೂಕವೆಂದು ಎಣಿಸಬಾರದು.

ರೈಗ್ರಾಸ್ ಹಾಕುವುದೇಕೆ? ಅಗ್ಗ, ಎರಚಿದರೂ ಮೊಳೆಯುತ್ತದೆ, ಬೇಗ ಹಸಿರು ತೋರಿಸಿ ಕೊಂಡವರ ಮನಸ್ಸು ತಣಿಸುತ್ತದೆ. ಎಳೆಯದಾಗಿದ್ದಾಗ ಜಿಂಕೆ ಒಂದಿಷ್ಟು ಮೇಯುವುದುಂಟು, ಬಲಿತ ಮೇಲೆ ಮೂಸುವುದಿಲ್ಲ. ತಾನೇ ಬೀಜ ಉದುರಿಸಿ ಮುಂದಿನ ವರ್ಷ ಕರೆಯದೆ ಬರುತ್ತದೆ. ಇಲ್ಲಿ ಹೆಸರಿನ ಗೊಂದಲವೂ ಇದೆ. ರೈ ಎಂದರೆ ಗೋಧಿಯ ಬಳಗದ ಧಾನ್ಯ, ರೈಗ್ರಾಸ್ ಎಂದರೆ ಹುಲ್ಲು. ಮೊದಲನೆಯದು ತಾಕಿಗೆ ಚಿನ್ನ. ಅಂಗಡಿಯಲ್ಲಿ ‘ರೈ’ ಕೇಳಿ ರೈಗ್ರಾಸ್ ಹೊತ್ತು ತರುವವರು ಕಡಿಮೆಯಿಲ್ಲ. ಗೋಧಿಯ ಹಾಗೆ ಉದ್ದ ಕಾಳಿದ್ದರೆ ರೈ, ಹೊಟ್ಟಿನಂತೆ ಹಗುರವಾಗಿದ್ದರೆ ರೈಗ್ರಾಸ್.

ಚೀಟಿ ಚೆನ್ನಾಗಿದ್ದರೂ ಎಲ್ಲವನ್ನೂ ಒಂದೇ ಚೀಲದಲ್ಲಿ ಬೆರೆಸಿದ್ದು ಎರಡನೆಯ ತೊಡಕು. ಕ್ಲೋವರ್ ಕಾಲು ಇಂಚಿಗಿಂತ ಆಳಕ್ಕೆ ಇಳಿದರೆ ಮೇಲೇಳುವುದು ಕಷ್ಟ. ಬಟಾಣಿಗೆ ಒಂದು ಇಂಚಾದರೂ ಮಣ್ಣು ಬೇಕು. ಕುಂಟೆ ಎಳೆದರೆ ಕ್ಲೋವರ್ ಹೂತುಹೋಗುತ್ತದೆ, ಎಳೆಯದಿದ್ದರೆ ಬಟಾಣಿ ಕಾಡಿನ ಟರ್ಕಿ ಕೋಳಿ, ಕಾಗೆಗಳ ಪಾಲು. ಸಾಲದ್ದಕ್ಕೆ ಎರಚುವ ಯಂತ್ರದ ಡಬ್ಬಿ ಅಲುಗಿದಂತೆಲ್ಲ ಸಣ್ಣ ಬೀಜ ತಳ ಸೇರಿ ಮೊದಲೇ ಸುರಿದುಹೋಗುತ್ತದೆ. ತಾಕಿನ ಒಂದು ತುದಿಯಲ್ಲಿ ಟರ್ನಿಪ್ ಗುಂಪು, ಇನ್ನೊಂದು ತುದಿಯಲ್ಲಿ ಬರೀ ಹುಲ್ಲು ಬಂದದ್ದು ಹೀಗೆಯೇ.

ಇದಕ್ಕಿಂತ ದೊಡ್ಡ ಸಂಕಟ ಬಿತ್ತಿದ ಮೇಲಿನದು. ಟರ್ನಿಪ್, ರೇಪ್ ಸಾಸಿವೆಯ ಬಳಗ, ಸಾರಜನಕ ಬೇಡುವವು: ಎಕರೆಗೆ 60 ಪೌಂಡ್, ಅಂದರೆ ಸುಮಾರು 130 ಪೌಂಡ್ ಯೂರಿಯಾ. ಕ್ಲೋವರ್ ತನಗೆ ಬೇಕಾದ ಸಾರಜನಕವನ್ನು ಬೇರಿನ ಗಂಟಿನಲ್ಲಿ ತಾನೇ ಮಾಡಿಕೊಳ್ಳುತ್ತದೆ. ಯೂರಿಯಾ ಕೊಟ್ಟರೆ ರೈಗ್ರಾಸ್ ಕೊಬ್ಬಿ ಕ್ಲೋವರನ್ನು ಮುಚ್ಚುತ್ತದೆ, ಕೊಡದಿದ್ದರೆ ಟರ್ನಿಪ್ ಹಳದಿಯಾಗಿ ನಿಲ್ಲುತ್ತದೆ. ಕಳೆನಾಶಕವೂ ಅಷ್ಟೆ. ಹುಲ್ಲು ಸಾಯಿಸುವ ಕ್ಲೆಥೋಡಿಮ್ ಹೊಡೆದರೆ ಕ್ಲೋವರ್ ಉಳಿಯುತ್ತದೆ, ಮಿಶ್ರಣದಲ್ಲಿ ಓಟ್ಸ್, ರೈ ಇದ್ದರೆ ಅವೂ ಹೋಗುತ್ತವೆ. ಅಗಲ ಎಲೆಯ ಕಳೆಗೆ 2,4-ಡಿಬಿ ಹೊಡೆದರೆ ಟರ್ನಿಪ್, ಚಿಕೋರಿ ಹೋಗುತ್ತವೆ. ಎಲ್ಲವೂ ಇರುವ ಚೀಲಕ್ಕೆ ಯಾವ ಮದ್ದೂ ಒಗ್ಗುವುದಿಲ್ಲ. (ಡಿಬಿ ಎಂಬ ಎರಡಕ್ಷರ ಸರಿಯಾಗಿ ಓದಿ. ಊರಲ್ಲಿ ಎಲ್ಲರಿಗೂ ಗೊತ್ತಿರುವ ಬರೀ 2,4-ಡಿ ಹೊಡೆದರೆ ಕ್ಲೋವರೂ ಹಾಳು.)

ಮಣ್ಣಿನ ಪರೀಕ್ಷೆ ಮಾಡಿಸದೆ ಇದ್ದದ್ದು ಇನ್ನೊಂದು ತಪ್ಪು. ಆಮೇಲೆ ನೋಡಿದರೆ ರಸಸಾರ (pH) 5.3. ಕ್ಲೋವರಿಗೆ 6ರ ಮೇಲೆ, 6.5 ಆದರೆ ಇನ್ನೂ ಒಳ್ಳೆಯದು. ಇಂಥ ಮಣ್ಣಿಗೆ ಎಕರೆಗೆ 2 ಟನ್ ಸುಣ್ಣ ಹಿಡಿದರೂ ಅರ್ಧ ಎಕರೆಗೆ 40 ಪೌಂಡಿನ 50 ಚೀಲ. ಅದೂ ಬಿತ್ತನೆಯ ಹಿಂದಿನ ದಿನ ಹಾಕಿದರೆ ಫಲವಿಲ್ಲ, ಮಣ್ಣಿನಲ್ಲಿ ಬೆರೆತು ಕೆಲಸ ಮಾಡಲು ಆರು ತಿಂಗಳಾದರೂ ಬೇಕು.

ಕಾಲವೂ ತಪ್ಪಿತ್ತು. ಚಳಿಗಾಲದ ಮೇವಿಗೆ ಟರ್ನಿಪ್ ಬಿತ್ತುವುದು ಆ ಸೀಮೆಯಲ್ಲಿ ಜುಲೈ ಕೊನೆ, ಆಗಸ್ಟ್ ಮೊದಲ ವಾರ.

ಅದೇ ಅರ್ಧ ಎಕರೆಗೆ ಮಾಡಬೇಕಾಗಿದ್ದದ್ದು ಇಷ್ಟು. ಬೀಜ ಬೇರೆ ಬೇರೆ ಚೀಲದಲ್ಲಿ ಕೊಳ್ಳಿ. ಆಗಸ್ಟ್ ಕೊನೆಯಲ್ಲಿ ಮಣ್ಣು ಹದಕ್ಕೆ ಬಂದಾಗ 25 ಪೌಂಡ್ ರೈ ಎರಚಿ ಹಗುರವಾಗಿ ಕುಂಟೆ ಎಳೆಯಿರಿ. ರೋಲರ್ ಹಾಯಿಸಿ, ಇಲ್ಲವೇ ಊರಿನ ಹಾಗೆ ಕೊರಡು ಹೊಡೆಯಿರಿ. ಹೆಜ್ಜೆ ಇಟ್ಟರೆ ಬೂಟಿನ ಗುರುತು ಅರ್ಧ ಇಂಚಿಗಿಂತ ಆಳ ಮೂಡಬಾರದು. ಆಮೇಲೆ 3 ಪೌಂಡ್ ಕ್ಲೋವರನ್ನು ಒಣ ಮರಳಿನ ಜೊತೆ ಬೆರೆಸಿ, ಎರಡು ಪಾಲು ಮಾಡಿ, ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಎರಚಿ. ಮತ್ತೊಮ್ಮೆ ರೋಲರ್, ಮಣ್ಣು ಮುಚ್ಚುವುದು ಬೇಡ. ಲೇಪನವಿಲ್ಲದ ಕ್ಲೋವರಾದರೆ ಅದರದ್ದೇ ರೈಝೋಬಿಯಂ (ಬೇರಿನ ಗಂಟಿನಲ್ಲಿ ಸಾರಜನಕ ಮಾಡುವ ಜೀವಾಣು) ಹಚ್ಚಬೇಕು, ಸೋಯಾದ ಪೊಟ್ಟಣ ಕ್ಲೋವರಿಗೆ ಬಾರದು. ತೊಗರಿಗೆ ಬೆಲ್ಲದ ನೀರಿನಲ್ಲಿ ಹಚ್ಚುವ ಕ್ರಮವೇ ಸಾಕು. ಪೊಟ್ಟಣವನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಒಳಗಿನ ಜೀವಾಣು ಸತ್ತಿರುತ್ತವೆ. ರೈ ಚಳಿಗಾಲವಿಡೀ ಮೇವು ಕೊಡುತ್ತದೆ. ವಸಂತದಲ್ಲಿ ತೆನೆ ಬಲಿಯುವ ಮೊದಲು ಸವರಿದರೆ ಕೆಳಗಿನ ಕ್ಲೋವರಿಗೆ ಬಿಸಿಲು ಸಿಗುತ್ತದೆ. ಟರ್ನಿಪ್ ಬೇಕೇ ಬೇಕೆಂದರೆ ಪ್ರತ್ಯೇಕ ಪಟ್ಟಿಯಲ್ಲಿ ಹಾಕಿ, ಎಕರೆಗೆ 5 ಪೌಂಡ್ ದರದಲ್ಲಿ. ಹೆಚ್ಚು ಹಾಕಿದರೆ ಒತ್ತಾಗಿ ಬೆಳೆದು ಗಡ್ಡೆ ಕಟ್ಟುವುದಿಲ್ಲ.

ಬಿತ್ತಿದ ದಿನವೇ ತಂತಿಬಲೆಯನ್ನು ಮೂರು ಅಡಿ ಅಗಲದ ದುಂಡು ಪಂಜರ ಮಾಡಿ ತಾಕಿನ ನಡುವೆ ಊರಿ. ಬೀಜ ಮೊಳೆಯಲಿಲ್ಲವೋ, ಮೊಳೆತದ್ದನ್ನು ಜಿಂಕೆ ತಿಂದಿತೋ ಎಂಬ ಜಗಳಕ್ಕೆ ಅದೊಂದೇ ಸಾಕ್ಷಿ. ಉಳಿದ ಬೀಜವನ್ನು ಮಾತ್ರ ತಾಕಿನಲ್ಲಿ ರಾಶಿ ಸುರಿಯಬೇಡಿ. ಬೆಳೆದು ನಿಂತದ್ದು ತಾಕು, ಸುರಿದ ಕಾಳು ಆಮಿಷ, ಆಮಿಷ ನಿಷೇಧಿಸಿದ ರಾಜ್ಯಗಳಲ್ಲಿ ಅದಕ್ಕೆ ದಂಡ.

ಚೀಟಿಯ ಆ ಕೊನೆಯ 1% ಬಗ್ಗೆ ಒಂದು ಮಾತು. 2016ರಲ್ಲಿ ಪಾಮರ್ ಅಮರಾಂತ್ ಎಂಬ ಕಳೆ ಮಿನ್ನೆಸೋಟ ರಾಜ್ಯದಲ್ಲಿ ಕಾಣಿಸಿಕೊಂಡದ್ದು, ಅಯೋವಾ ರಾಜ್ಯದ ಹಲವೆಡೆ ಹರಡಿದ್ದು ಮಿಶ್ರ ಬೀಜದ ಚೀಲಗಳ ಮೂಲಕವೇ. ಅಲ್ಲಿ ಅದು ಭೂಸಂರಕ್ಷಣೆಗೆ ಬಿತ್ತುವ ಬೀಜ, ಇಲ್ಲಿ ಜಿಂಕೆಯ ಬೀಜ, ದಾರಿ ಒಂದೇ. ನಮ್ಮ ಹರಿವೆ, ದಂಟಿನ ಸೊಪ್ಪಿನ ದಾಯಾದಿ ಅದು. ನೋಡಿದರೆ ಸಾರಿಗೆ ಕೊಯ್ಯೋಣ ಅನ್ನಿಸುತ್ತದೆ. ಒಂದು ಹೆಣ್ಣು ಗಿಡ ಲಕ್ಷಗಟ್ಟಲೆ ಬೀಜ ಉದುರಿಸುತ್ತದೆ, ಹಲವು ಕಳೆನಾಶಕಗಳಿಗೆ ಬಗ್ಗುವುದಿಲ್ಲ. ಎಲೆಯೊಂದನ್ನು ಕಿತ್ತು ತೊಟ್ಟನ್ನು ಎಲೆಯ ಮೇಲೆ ಮಡಚಿ ನೋಡಿ. ತೊಟ್ಟು ಎಲೆಗಿಂತ ಉದ್ದವಿದ್ದರೆ ಅನುಮಾನಪಡಿ. ಹೂವಿಗೆ ಮೊದಲೇ ಬೇರುಸಹಿತ ಕಿತ್ತು ಚೀಲಕ್ಕೆ ತುಂಬಿ, ಕೃಷಿ ಇಲಾಖೆಗೆ ತಿಳಿಸಿ, ಬೀಜದ ಚೀಟಿಯನ್ನು ಎಸೆಯದೆ ಇಟ್ಟುಕೊಳ್ಳಿ.