ಗಾಲಿಕುರ್ಚಿ ಆಟಗಾರರಿಗೆ ರೆಸಿಸ್ಟೆನ್ಸ್ ಟ್ಯೂಬ್ ಸೆಟ್: ದೀರ್ಘ ಬಳಕೆಯ ವಿಮರ್ಶೆ

ಎಳೆದು ವ್ಯಾಯಾಮ ಮಾಡಲು ಹಿಗ್ಗುವ ಐದು ಬಣ್ಣದ ಲೇಟೆಕ್ಸ್ (ರಬ್ಬರ್) ಟ್ಯೂಬ್, ಎರಡು ಹಿಡಿ, ಬಾಗಿಲಿಗೆ ಸಿಕ್ಕಿಸುವ ಒಂದು ಪಟ್ಟಿ. ಸೆಟ್ ಅಂದರೆ ಇಷ್ಟೇ. ಗಾಲಿಕುರ್ಚಿಯಲ್ಲಿ ಆಡುವವರಿಗೆ ಇದು ಡಂಬೆಲ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಡಂಬೆಲ್‌ನ ಭಾರ ಯಾವಾಗಲೂ ಕೆಳಕ್ಕೇ ಎಳೆಯುತ್ತದೆ. ಟ್ಯೂಬನ್ನು ಎದುರಿಂದ, ಮೇಲಿಂದ, ಪಕ್ಕದಿಂದ ಹೇಗೆ ಬೇಕಾದರೂ ಎಳೆಯಬಹುದು. ದಿನವಿಡೀ ಚಕ್ರ ತಳ್ಳಿ ಎದೆ ಮತ್ತು ಭುಜದ ಮುಂಭಾಗ ಮೊದಲೇ ಬಿಗಿದಿರುತ್ತವೆ, ಹೆಗಲೆಲುಬುಗಳ ನಡುವಿನ ಸ್ನಾಯುಗಳಿಗೆ ಮಾತ್ರ ಕೆಲಸವೇ ಸಿಕ್ಕಿರುವುದಿಲ್ಲ. ಭುಜನೋವಿಗೆ ಇದು ದೊಡ್ಡ ಕಾರಣ. ಆದ್ದರಿಂದ ತಳ್ಳುವ ವ್ಯಾಯಾಮ ಒಂದು ಸೆಟ್ (ಸುತ್ತು) ಮಾಡಿದರೆ ಎಳೆಯುವುದನ್ನು ಎರಡು ಸೆಟ್ ಮಾಡಿ.

ರೋಯಿಂಗ್‌ಗೆ, ಅಂದರೆ ದೋಣಿಯ ಹುಟ್ಟು ಎಳೆದಂತೆ ಮಾಡುವ ವ್ಯಾಯಾಮಕ್ಕೆ, ಪಟ್ಟಿಯನ್ನು ಎದೆಯ ಕೆಳಭಾಗದ ಎತ್ತರದಲ್ಲಿ ಸಿಕ್ಕಿಸಬೇಕು. ಎಳೆದಾಗ ಮುಚ್ಚಿಕೊಳ್ಳುವ ಬಾಗಿಲೇ ಆಗಬೇಕು, ತೆರೆದುಕೊಳ್ಳುವುದಲ್ಲ. ಮೊಣಕೈ ಪಕ್ಕೆಯ ಬಳಿ ಬರುವವರೆಗೆ ಎಳೆದು, ಹೆಗಲೆಲುಬುಗಳನ್ನು ಒತ್ತಿ 2 ಸೆಕೆಂಡ್ ನಿಲ್ಲಿಸಿ, 3 ಸೆಕೆಂಡ್‌ನಲ್ಲಿ ನಿಧಾನಕ್ಕೆ ಬಿಡಿ. 10ರಿಂದ 12 ಸಲ, 3 ಸೆಟ್, ವಾರಕ್ಕೆ 2 ದಿನ. ಭುಜ ಕಿವಿಯತ್ತ ಏರುತ್ತಿದ್ದರೆ ಟ್ಯೂಬ್ ಗಟ್ಟಿಯಾಯಿತೆಂದೇ ಅರ್ಥ. ತೋಳನ್ನು ಹೊರಕ್ಕೆ ತಿರುಗಿಸುವ ವ್ಯಾಯಾಮಕ್ಕೆ ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟು, ಅತಿ ಹಗುರ ಟ್ಯೂಬನ್ನೇ ಬಳಸಿ. ಈ ವ್ಯಾಯಾಮವನ್ನು ತಪ್ಪಿಸಲೇಬೇಡಿ.

ಟ್ಯೂಬ್ ಹೆಚ್ಚು ಹಿಗ್ಗಿದಷ್ಟೂ ಗಟ್ಟಿಯಾಗುತ್ತದೆ, ಹಾಗಾಗಿ ಕುರ್ಚಿ ಒಂದು ಗೇಣು ಆಚೀಚೆಯಾದರೂ ಭಾರ ಬದಲಾಗುತ್ತದೆ. ಚಕ್ರ ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ಇಲ್ಲದಿದ್ದರೆ ಶಕ್ತಿ ಹೆಚ್ಚಿತೋ ದೂರ ಕಡಿಮೆಯಾಯಿತೋ ಗೊತ್ತಾಗುವುದಿಲ್ಲ.

ಸೆಟ್ ತಯಾರಿಸಿದವರು ನಿಂತು ಮಾಡುವವರನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎನ್ನುವುದು ಬೇಗ ತಿಳಿಯುತ್ತದೆ. ಜೋರಾಗಿ ಎಳೆದರೆ ಕುರ್ಚಿಯೇ ಬಾಗಿಲ ಕಡೆ ಸರಿಯುತ್ತದೆ. ಬ್ರೇಕ್ ಟೈರನ್ನು ಒತ್ತಿ ಹಿಡಿಯುವಂಥದ್ದು, ಗಾಳಿ ಕಡಿಮೆಯಿದ್ದರೆ ಜಾರುತ್ತದೆ. ಆಟದ ಕುರ್ಚಿಗಳಲ್ಲಿ ಬ್ರೇಕ್ ಇಲ್ಲದಿರುವುದೂ ಸಾಮಾನ್ಯ, ಆಗ ಎರಡೂ ದೊಡ್ಡ ಚಕ್ರಗಳ ಮುಂದೆ ಅಡ್ಡಗಟ್ಟೆ ಇಡಬೇಕು. ಪಟ್ಟಿ ಬೆನ್ನ ಹಿಂದಿದ್ದು ಮುಂದಕ್ಕೆ ತಳ್ಳುವಾಗ ಕುರ್ಚಿ ಹಿಂದಕ್ಕೆ ಮಗುಚಬಹುದು. ಹಿಂಬದಿಯ ಚಿಕ್ಕ ಆಸರೆ ಚಕ್ರಗಳಿಲ್ಲದೆ ಮಾಡಬೇಡಿ. ಮುಂಡದ ಹಿಡಿತ ಕಡಿಮೆಯಿರುವವರಿಗೆ ಎದೆಪಟ್ಟಿ, ಬೆರಳ ಬಲ ಕಡಿಮೆಯಿರುವವರಿಗೆ ಹಿಡಿಯ ಬದಲು ಮಣಿಕಟ್ಟಿನ ವೆಲ್ಕ್ರೋ ಪಟ್ಟಿ ಬೇಕು. ಇವನ್ನು ಬೇರೆಯಾಗಿಯೇ ಕೊಳ್ಳಬೇಕು.

ಟ್ಯೂಬ್ ಮೊದಲು ಸೋಲುವುದು ಕೊಕ್ಕೆ ಸೇರುವ ತುದಿಯಲ್ಲಿ, ಚಕ್ರದ ಕಡ್ಡಿಗೆ ಉಜ್ಜುವ ಜಾಗದಲ್ಲಿ. ಪ್ರತಿ ಸಲ ಹಿಗ್ಗಿಸಿ ನೋಡಿ, ಸೀಳು ಕಂಡರೆ ಎಸೆದುಬಿಡಿ. ಕಿತ್ತರೆ ನೇರ ಮುಖಕ್ಕೇ ಬಡಿಯುತ್ತದೆ. ಬಿಸಿಲು, ಎಣ್ಣೆ ಎರಡೂ ತಾಗಬಾರದು.

ಸ್ಪೈನಾ ಬೈಫಿಡಾ (ಹುಟ್ಟಿನಿಂದಲೇ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದ ಸ್ಥಿತಿ) ಇರುವವರಲ್ಲಿ ಲೇಟೆಕ್ಸ್ ಅಲರ್ಜಿ ಹೆಚ್ಚು, ಅವರು ಲೇಟೆಕ್ಸ್ ಇಲ್ಲದ ಟ್ಯೂಬನ್ನೇ ಆರಿಸಬೇಕು. ಬೆನ್ನುಹುರಿಗೆ ಟಿ6 (ಎದೆಭಾಗದ ಆರನೇ) ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿಗೆ ವ್ಯಾಯಾಮದ ನಡುವೆ ತಲೆ ಸಿಡಿಯುವಂತಾಗಿ ಮುಖ ಕೆಂಪೇರಿದರೆ ತಕ್ಷಣ ನಿಲ್ಲಿಸಿ, ನೆಟ್ಟಗೆ ಕೂತು, ಎದೆಪಟ್ಟಿ ಸಡಿಲಿಸಿ, ಮೂತ್ರದ ನಳಿಕೆ ಮಡಚಿದೆಯೇ ನೋಡಬೇಕು. ಕಡಿಮೆಯಾಗದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.